1969ರ ಕ್ಯಾಮರೊಗೆ ಕಾರ್ಖಾನೆಯ ಬಣ್ಣ: ಉಜ್ಜುವ ಮೊದಲು ಓದಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಷೆವ್ರೊಲೆ ಕ್ಯಾಮರೊದಂಥ ಹಳೆಯ ಅಮೆರಿಕನ್ ಮಸಲ್ ಕಾರನ್ನು, ಅಂದರೆ ದೊಡ್ಡ ಎಂಜಿನ್ನಿನ ಜೋರು ಕಾರನ್ನು, ಕನ್ನಡಿಯ ಹಾಗೆ ಫಳಫಳ ಮಾಡಬೇಕು ಅನ್ನುವವರಿಗೆ ಈ ಲೇಖನ ಅಲ್ಲ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಕಾರು ನಿಮ್ಮದು, ದುಡ್ಡು ನಿಮ್ಮದು. ಆದರೆ "ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು" ಅನ್ನುವ ಹಟ ಇದ್ದರೆ ಲೆಕ್ಕವೇ ಬೇರೆ. ಆಗ ನೀವು ಮಾಡಬೇಕಾದದ್ದು ಒಳ್ಳೆಯ ಪೇಂಟಿಂಗ್ ಅಲ್ಲ. 1969ರಲ್ಲಿ ಓಹಾಯೊದ ಅಸೆಂಬ್ಲಿ ಲೈನಿನಲ್ಲಿ ನಿಂತಿದ್ದ ಒಬ್ಬ ಆಳು, ಮುಂದಿನ ಕಾರು ಬರುವುದರೊಳಗೆ ಗಡಿಬಿಡಿಯಲ್ಲಿ ಎಷ್ಟು ಮಾಡಿದ್ದನೋ ಅಷ್ಟೇ. ಅವನು ಬಿಟ್ಟಿದ್ದನ್ನು ನೀವೂ ಬಿಡಬೇಕು. ಕೇಳಲಿಕ್ಕೆ ಸುಲಭ, ಮಾಡಲಿಕ್ಕೆ ಕಷ್ಟ.

ನಾನಿರುವುದು ಸಿನ್ಸಿನಾಟಿಯಲ್ಲಿ. ನಾರ್ವುಡ್ ಅಂದರೆ ಈ ಊರಿನ ಹೊಟ್ಟೆಯೊಳಗೇ ಇರುವ ಇನ್ನೊಂದು ಪುಟ್ಟ ಊರು. ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ ಅಲ್ಲಿ 1923ರಿಂದ 1987ರವರೆಗೆ ಇತ್ತು. ಮೊದಲ ತಲೆಮಾರಿನ ಕ್ಯಾಮರೊಗಳಲ್ಲಿ, ಅಂದರೆ 1967, 68, 69ರ ಕಾರುಗಳಲ್ಲಿ, ಹೆಚ್ಚಿನವು ಇಲ್ಲೇ ಹುಟ್ಟಿದವು. ಉಳಿದವು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ. ನನ್ನ ಪಕ್ಕದ ಮನೆಯ ಯಜಮಾನರ ಗ್ಯಾರೇಜಿನಲ್ಲಿ ಒಂದು 69ರ ಕ್ಯಾಮರೊ ಇಟ್ಟಿಗೆ ಮೇಲೆ ನಿಂತಿತ್ತು, ಮೇಲೆ ಕೆಂಪು ಬಣ್ಣ, ಕೆರೆದರೆ ಕೆಳಗೆ ನೀಲಿ. ಅದನ್ನು ಮೂರು ವರ್ಷ ವಾರಾಂತ್ಯಗಳಲ್ಲಿ ಇಬ್ಬರೂ ಸೇರಿ ಎಬ್ಬಿಸಿ ನಿಲ್ಲಿಸಿದೆವು. ಕೆಳಗಿರುವುದೆಲ್ಲ ಆ ಕಾರು ಕಲಿಸಿದ್ದು, ಅರ್ಧ ನಮ್ಮ ತಪ್ಪುಗಳಿಂದಲೇ.

ಮೊದಲು ತಗಡನ್ನು ಓದಿ

ಬಾನೆಟ್ ಎತ್ತಿ. ಫೈರ್‌ವಾಲ್, ಅಂದರೆ ಎಂಜಿನ್ ಮತ್ತು ಕಾರಿನ ಒಳಾಂಗಣದ ನಡುವಿನ ತಗಡಿನ ಗೋಡೆ, ಅದರ ಮೇಲೆ ಡ್ರೈವರ್ ಬದಿಯಲ್ಲಿ, ರಿವೆಟ್ ಹೊಡೆದ ಒಂದು ಸಣ್ಣ ತಗಡು ಇರುತ್ತದೆ. ಇದನ್ನು ಕೌಲ್ ಟ್ಯಾಗ್ ಅನ್ನುತ್ತಾರೆ. ಕಾರಿನ ಜಾತಕ ಅಂದುಕೊಳ್ಳಿ. ಮೇಲಿನ ಸಾಲಿನಲ್ಲಿ 12437 ಅಂತಿದ್ದರೆ ಅದು ಕೂಪೆ, 12467 ಅಂತಿದ್ದರೆ ಕನ್ವರ್ಟಿಬಲ್. ಪಕ್ಕದಲ್ಲಿ ಎನ್‌ಒಆರ್ ಅಂತಿದ್ದರೆ ನಾರ್ವುಡ್. ಕೆಳಗಿನ ಸಾಲಿನಲ್ಲಿ ಟಿಆರ್ ಅಂತ ಶುರುವಾಗುವುದು ಒಳಾಂಗಣದ ಸಂಖ್ಯೆ, 711 ಅಂದರೆ ಕಪ್ಪು. ಅದರ ಮುಂದೆ ಪಿಎನ್‌ಟಿ ಅನ್ನುವುದರ ಹತ್ತಿರ ಎರಡು ಬಣ್ಣದ ಸಂಖ್ಯೆಗಳಿರುತ್ತವೆ, ಒಂದು ಕೆಳಗಿನ ಬಾಡಿಗೆ, ಇನ್ನೊಂದು ಮೇಲಿನ ಭಾಗಕ್ಕೆ. ನಮ್ಮದರಲ್ಲಿ 71 71 ಇತ್ತು, ಅಂದರೆ ಲೆಮಾನ್ಸ್ ಬ್ಲೂ. 72 ಇದ್ದರೆ ಹಗರ್ ಆರೆಂಜ್, 52 ಗಾರ್ನೆಟ್ ರೆಡ್, 57 ಫ್ಯಾದಮ್ ಗ್ರೀನ್, 69 ಕಾರ್ಟೆಜ್ ಸಿಲ್ವರ್, 76 ಡೇಟೋನಾ ಯೆಲ್ಲೋ, 10 ಟಕ್ಸಿಡೊ ಬ್ಲ್ಯಾಕ್, 50 ಡೋವರ್ ವೈಟ್. ಎರಡನೆಯ ಸಂಖ್ಯೆಯ ಜಾಗದಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಮೇಲೆ ವಿನೈಲ್ ಟಾಪ್ ಇತ್ತು ಅಂತ ಅರ್ಥ. ಬಿ ಅಂದರೆ ಕಪ್ಪು ವಿನೈಲ್.

ತಿಂಗಳು ಮತ್ತು ವಾರವೂ ಅದರಲ್ಲೇ ಇರುತ್ತದೆ. 03ಸಿ ಅಂದರೆ ಮಾರ್ಚ್ ತಿಂಗಳ ಮೂರನೇ ವಾರ. ಇದರಲ್ಲೊಂದು ತಮಾಷೆ ಇದೆ. 1969ರ ಮಾಡೆಲ್ ಮಾಮೂಲಿಗಿಂತ ಜಾಸ್ತಿ ದಿನ ಓಡಿತು, ನಾರ್ವುಡ್‌ನಲ್ಲಿ 1969ರ ನವೆಂಬರ್‌ವರೆಗೂ ಬಂತು. ಹಾಗಾಗಿ ಟ್ಯಾಗ್‌ನಲ್ಲಿ 10ಬಿ ಅಂತಿದ್ದರೆ ಅದು 1968ರ ಅಕ್ಟೋಬರೋ 1969ರ ಅಕ್ಟೋಬರೋ ಅಂತ ಆ ತಗಡೊಂದೇ ಹೇಳುವುದಿಲ್ಲ. ಕಾರಿನ ಕ್ರಮಸಂಖ್ಯೆ ಜೊತೆಗಿಟ್ಟು ನೋಡಬೇಕು. ಬಣ್ಣಕ್ಕೂ ಇದಕ್ಕೂ ಏನು ಸಂಬಂಧ ಅನ್ನಬಹುದು. ಸಂಬಂಧ ಇದೆ, ಯಾಕೆಂದರೆ ಕಾರ್ಖಾನೆಯವರು ವರ್ಷದ ನಡುವೆ ಕೆಲವು ಬಿಡಿಭಾಗಗಳನ್ನೂ ಅವುಗಳ ಫಿನಿಶ್‌ಗಳನ್ನೂ ಬದಲಾಯಿಸುತ್ತಿದ್ದರು. ನಿಮ್ಮ ಕಾರು ಯಾವ ತಿಂಗಳಿನದು ಅಂತ ಗೊತ್ತಿದ್ದರೆ ಅದೇ ಕಾಲದ, ಯಾರೂ ಮುಟ್ಟದ ಇನ್ನೊಂದು ಕಾರಿನ ಜೊತೆ ಹೋಲಿಸಬಹುದು.

ಕಾರಿಗೆ ಹೊಸ ಟ್ಯಾಗ್ ಮಾಡಿಸಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ನಂಬಬೇಡಿ, ಮಾಡಿಸಬೇಡಿ. ಇನ್ನು ಡ್ಯಾಶ್‌ಬೋರ್ಡ್ ಮೇಲೆ ಗಾಜಿನೊಳಗಿಂದ ಕಾಣುವ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಫಲಕವನ್ನಂತೂ ಬಣ್ಣಕ್ಕೋಸ್ಕರ ಅಂತ ಬಿಚ್ಚಲೇಬೇಡಿ. ಅದಕ್ಕೆ ಕೈ ಹಾಕಿದರೆ ಅಮೆರಿಕದ ಫೆಡರಲ್ ಕಾನೂನಿನ ತನಕ ಹೋಗಬಹುದು. ಟೇಪ್ ಅಂಟಿಸಿ ಮುಚ್ಚಿ, ಅಷ್ಟೇ.

ಬಿಚ್ಚುವಾಗ ಕ್ಯಾಮೆರಾ ಕೈಯಲ್ಲಿರಲಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಹಂತ ಇಲ್ಲ. ಜನ ಇದನ್ನೇ ಹಾರಿಸುತ್ತಾರೆ. ನಾನೂ ಹಾರಿಸಿದ್ದೆ.

ಮೊದಲ ಶನಿವಾರ. ಫೈರ್‌ವಾಲ್ ಮೇಲೆ ಬೆರಳು ದಪ್ಪ ಗ್ರೀಸ್, ಮಣ್ಣು. ಉತ್ಸಾಹದಲ್ಲಿ ಪ್ರೆಷರ್ ವಾಷರ್ ತಂದು ಹೊಡೆದೆ. ಗ್ರೀಸ್ ಎದ್ದು ಬರುತ್ತಿದ್ದುದನ್ನು ನೋಡಿ ಖುಷಿಯಾಗುತ್ತಿತ್ತು. ಆಮೇಲೆ ಯಜಮಾನರು ಬಂದು, ಒದ್ದೆ ಕಪ್ಪು ಬಣ್ಣದ ಮೇಲೆ ಉಳಿದಿದ್ದ ಹಳದಿ ಗೀಟಿನ ಬಾಲದ ಮೇಲೆ ಬೆರಳಿಟ್ಟು ತೋರಿಸಿದರು. ಕಾರ್ಖಾನೆಯ ಇನ್‌ಸ್ಪೆಕ್ಟರ್ ಗ್ರೀಸ್ ಪೆನ್ಸಿಲಿನಲ್ಲಿ ಏನೋ ಬರೆದಿದ್ದ. ಐವತ್ತು ಚಿಲ್ಲರೆ ವರ್ಷ ಗ್ರೀಸ್‌ನ ಕೆಳಗೆ ಭದ್ರವಾಗಿ ಕೂತಿದ್ದ ಬರಹ ನನ್ನ ಒಂದು ನಿಮಿಷದ ಉತ್ಸಾಹಕ್ಕೆ ಚರಂಡಿಗೆ ಹೋಯಿತು. ಅಂಕವೋ ಅಕ್ಷರವೋ, ಇವತ್ತಿಗೂ ಗೊತ್ತಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಮೆತ್ತನೆ ಬ್ರಷ್, ಮಿನರಲ್ ಸ್ಪಿರಿಟ್, ಪ್ಲಾಸ್ಟಿಕ್ ಚಮಚದಂಥ ಕೆರೆಯುವ ಸಾಮಾನು, ಹಳೇ ಬನಿಯನ್ ಬಟ್ಟೆ. ಇಷ್ಟರಲ್ಲೇ ಶುರು ಮಾಡಿ. ಅಂಗೈ ಅಗಲದ ಜಾಗ ಒಂದೊಂದೇ ತೊಳೆಯಿರಿ. ಏನಾದರೂ ಕಂಡರೆ ಅಲ್ಲೇ ನಿಲ್ಲಿಸಿ, ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೊ ತೆಗೆಯಿರಿ. ನೋಡಬೇಕಾದದ್ದು ಏನೇನು ಅಂದರೆ: ಬೋಲ್ಟಿನ ತಲೆ ಮೇಲೆ ಬಿಗಿ ಮಾಡಿದ್ದಕ್ಕೆ ಗುರುತಾಗಿ ಹಚ್ಚಿದ ಬಣ್ಣದ ಬೊಟ್ಟು, ಡ್ರೈವ್‌ಶಾಫ್ಟ್ ಸುತ್ತ ಬಣ್ಣದ ಪಟ್ಟಿ, ಸಬ್‌ಫ್ರೇಮಿನ (ಎಂಜಿನ್ ಹೊರುವ ಮುಂದಿನ ಚೌಕಟ್ಟಿನ) ಕಪ್ಪು ಬಣ್ಣ ಯಾವ ಕಡೆಗೆ ಸೋರಿದೆ, ತಗಡಿನ ಸಂದು ಮುಚ್ಚುವ ಸೀಮ್ ಸೀಲರ್ ಎಲ್ಲಿ ಜಾಸ್ತಿ ಎಲ್ಲಿ ಕಮ್ಮಿ, ಬಾಡಿ ಬಣ್ಣದ ತುಂತುರು ಎಲ್ಲಿಯವರೆಗೆ ಹಾರಿದೆ. ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಆಡಿಸಿ. ಅದೃಷ್ಟ ಇದ್ದರೆ ಕಾರ್ಖಾನೆಯ ಬ್ರಾಡ್‌ಕಾಸ್ಟ್ ಶೀಟ್, ಅಂದರೆ ಕಾರಿಗೆ ಏನೇನು ಹಾಕಬೇಕು ಅನ್ನುವ ಪಟ್ಟಿ, ಮಡಚಿಕೊಂಡು ಕೂತಿರುತ್ತದೆ.

ಇದರ ಜೊತೆಗೆ ಷೆವ್ರೊಲೆಯ 1969ರ ಕ್ಯಾಮರೊ ಅಸೆಂಬ್ಲಿ ಮ್ಯಾನುಯಲ್ಲಿನ ಮರುಮುದ್ರಣ ಕೊಂಡುಕೊಳ್ಳಿ. ಯಾವ ಭಾಗ ಎಲ್ಲಿ ಕೂರುತ್ತದೆ, ಕಪ್ಪು ಹೊಡೆಯಬೇಕಾದ ಜಾಗ ಯಾವುದು ಅಂತ ಅದರಲ್ಲಿ ಚಿತ್ರಗಳಿವೆ. ಆದರೆ ಪುಸ್ತಕ ಒಂದು ಹೇಳಿ ನಿಮ್ಮ ಮುಟ್ಟದ ಕಾರು ಇನ್ನೊಂದು ಹೇಳಿದರೆ ನಾನು ಕಾರಿನ ಮಾತು ಕೇಳುತ್ತೇನೆ. ಎರಡು ಕಾರ್ಖಾನೆಗಳು, ಹಗಲು ಪಾಳಿ, ರಾತ್ರಿ ಪಾಳಿ, ಎಲ್ಲ ಒಂದೇ ಥರ ಮಾಡುತ್ತಿರಲಿಲ್ಲ. ನೆಲದ ತಗಡಿನ ಕೆಳಗಿನ ಪ್ರೈಮರ್ ಬಣ್ಣವೇ ಕಾರಿನಿಂದ ಕಾರಿಗೆ ಬೇರೆ. ಡಿಕ್ಕಿಯೊಳಗಿನ ಚುಕ್ಕಿ ಬಣ್ಣ ಕೂಡ ಹಾಗೇ. ಅಂಗಡಿಯಲ್ಲಿ ಡಬ್ಬ ಕೊಳ್ಳುವ ಮೊದಲು ಡಿಕ್ಕಿಯ ಮೂಲೆಯಲ್ಲಿ, ಟೇಲ್ ಲ್ಯಾಂಪ್ ಹಿಂದೆ, ಹಳೆಯದು ಒಂದು ಬಿಲ್ಲೆಯಷ್ಟಾದರೂ ಉಳಿದಿದೆಯಾ ನೋಡಿ. ಚುಕ್ಕಿಯ ಗಾತ್ರವನ್ನೂ ಅಳೆಯಿರಿ.

ನಿಜವಾದ ನೀಲಿ ಎಲ್ಲಿ ಅಡಗಿರುತ್ತದೆ

ಸಂಖ್ಯೆ ಗೊತ್ತಾದ ತಕ್ಷಣ ಪೇಂಟ್ ಅಂಗಡಿಗೆ ಓಡಬೇಡಿ. ಇವತ್ತಿನ ಕಂಪ್ಯೂಟರ್ ಫಾರ್ಮುಲಾ ಇವತ್ತಿನ ಟಿಂಟ್‌ಗಳಿಗೆ ಬರೆದದ್ದು. 71ನೇ ನಂಬರ್ ಅಂತ ಮೂರು ಕಡೆ ಮಿಕ್ಸ್ ಮಾಡಿಸಿದೆವು, ಮೂರು ನೀಲಿ ಬಂತು. ಒಂದಂತೂ ನವಿಲಿನ ಕತ್ತಿನ ಹಾಗೆ.

ಬಿಸಿಲು ಕಾಣದ ಜಾಗ ಹುಡುಕಿ. ಬಾಗಿಲ ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿ ತೆಗೆದರೆ ಕೆಳಗೆ, ಕಿಕ್ ಪ್ಯಾನೆಲ್ ಹಿಂದೆ, ಡಿಕ್ಕಿಯ ರಬ್ಬರ್ ಬೀಡಿಂಗ್ ಕೆಳಗೆ, ವೈಪರ್ ಹತ್ತಿರದ ಕೌಲ್ ಜಾಲರಿಯ ಕೆಳಗೆ. ನಮಗೆ ಸಿಕ್ಕಿದ್ದು ಹೊಸ್ತಿಲ ಪಟ್ಟಿಯ ಕೆಳಗೆ, ಎರಡು ಬೆರಳು ಅಗಲ, ಒಂದು ಗೇಣು ಉದ್ದ. ಮೆತ್ತನೆ ಪಾಲಿಶ್ ಹಾಕಿ ಎರಡು ಸಲ ಒರೆಸಿದ್ದೇ ತಡ, ಕೊಳೆ ಹಳದಿ ಹೋಗಿ ಒಂದು ಆಳವಾದ ನೀಲಿ ಎದ್ದುಬಂತು. ಅದರ ಪಕ್ಕಕ್ಕೆ ನವಿಲಿನ ನೀಲಿ ಹಿಡಿದಾಗ ಇಬ್ಬರಿಗೂ ನಗು.

ಅಂಗಡಿಯ ಬಣ್ಣ ಅಳೆಯುವ ಯಂತ್ರಕ್ಕೆ ಈ ಜಾಗವನ್ನೇ ತೋರಿಸಿ. ಯಂತ್ರ ಕೊಟ್ಟಿದ್ದನ್ನೂ ಪೂರ್ತಿ ನಂಬಬೇಡಿ. ಲೆಮಾನ್ಸ್ ಬ್ಲೂ ಮೆಟಾಲಿಕ್. ಅದರಲ್ಲಿರುವ ಅಲ್ಯೂಮಿನಿಯಂ ಪುಡಿ ಒದ್ದೆಯಾಗಿ ಹೊಡೆದರೆ ಕೆಳಗಿಳಿದು ಬಣ್ಣ ಕಪ್ಪಾಗಿ ಕಾಣುತ್ತದೆ, ಒಣಗಿದ ಹಾಗೆ ಹೊಡೆದರೆ ಮೇಲೇ ನಿಂತು ತಿಳಿಯಾಗಿ ಕಾಣುತ್ತದೆ. ಒಂದೇ ಡಬ್ಬದ ಬಣ್ಣ, ಎರಡು ಕೈ, ಎರಡು ಬಣ್ಣ. ಆದ್ದರಿಂದ ನಿಮ್ಮ ಗನ್‌ನಿಂದ, ನಿಮ್ಮ ಕೈಯಿಂದಲೇ ನಾಲ್ಕಾರು ಕಾರ್ಡ್‌ಗಳಿಗೆ ಹೊಡೆದು, ಹಿಂದೆ ಗಾಳಿ ಒತ್ತಡ ಎಷ್ಟು, ಥಿನ್ನರ್ ಎಷ್ಟು, ಎಷ್ಟು ಕೋಟ್ ಅಂತ ಬರೆದಿಡಿ. ನೇರ ಬಿಸಿಲಿನಲ್ಲೂ ನೋಡಿ, ಮೋಡದಲ್ಲೂ ನೋಡಿ, ಓರೆಯಾಗಿ ಹಿಡಿದೂ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಎಂದೂ ತೀರ್ಮಾನ ಮಾಡಬೇಡಿ.

ಮೆಟಾಲಿಕ್ ಕಾರುಗಳ ಬಗ್ಗೆ ಇನ್ನೊಂದು ವಿಷಯ. ಬಾಡಿ ಕಟ್ಟಿ ಬಣ್ಣ ಹೊಡೆಯುತ್ತಿದ್ದವರು ಜನರಲ್ ಮೋಟಾರ್ಸ್‌ನ ಫಿಶರ್ ಬಾಡಿ ವಿಭಾಗದವರು. ಮುಂದಿನ ಮಡ್‌ಗಾರ್ಡ್, ಬಾನೆಟ್ ಮುಂತಾದ ತಗಡುಗಳಿಗೆ ಷೆವ್ರೊಲೆ ಕಡೆಯವರು ಬೇರೆಯೇ ಹೊಡೆದು ಆಮೇಲೆ ಜೋಡಿಸುತ್ತಿದ್ದರು. ಹಾಗಾಗಿ ಬಾಗಿಲಿಗೂ ಮುಂದಿನ ಮಡ್‌ಗಾರ್ಡ್‌ಗೂ ಕೂದಲೆಳೆಯಷ್ಟು ವ್ಯತ್ಯಾಸ ಹೊಸ ಕಾರಿನಲ್ಲೂ ಇರುತ್ತಿತ್ತು. ನೀವು ಬೇಕಂತಲೇ ವ್ಯತ್ಯಾಸ ಮಾಡಲು ಹೋಗಬೇಡಿ. ಆದರೆ ತಗಡುಗಳನ್ನು ಬಿಡಿಬಿಡಿಯಾಗಿ ಹೊಡೆಯಿರಿ, ಕಾರಿನಲ್ಲಿ ಕೂತಿದ್ದ ಹಾಗೇ ನಿಲ್ಲಿಸಿಕೊಂಡು ಹೊಡೆಯಿರಿ. ಮಡ್‌ಗಾರ್ಡ್ ಮಲಗಿಸಿ ಹೊಡೆದರೆ ಮೆಟಾಲಿಕ್ ಪುಡಿ ಬೇರೆ ಥರ ಕೂರುತ್ತದೆ.

ಲ್ಯಾಕರ್ರೋ, ಯುರಿಥೇನೋ

ಆ ಕಾಲದಲ್ಲಿ ಜನರಲ್ ಮೋಟಾರ್ಸ್ ಬಳಸಿದ್ದು ಅಕ್ರಿಲಿಕ್ ಲ್ಯಾಕರ್. ಷೆವ್ರೊಲೆಯವರು ಅದಕ್ಕೆ ಮ್ಯಾಜಿಕ್ ಮಿರರ್ ಅಂತ ಹೆಸರಿಟ್ಟು ಮಾರಿದರು. ಫೋರ್ಡ್, ಕ್ರೈಸ್ಲರ್‌ನವರದು ಎನಾಮೆಲ್, ಹಾಗಾಗಿ ನಿಮ್ಮದು ಮಸ್ಟಾಂಗೋ ಚಾಲೆಂಜರ್ರೋ ಆಗಿದ್ದರೆ ಈ ಭಾಗ ಹಾಗೇ ಅನ್ವಯಿಸುವುದಿಲ್ಲ. ಲ್ಯಾಕರ್‌ನ ಗುಣ ಏನೆಂದರೆ ಥಿನ್ನರ್ ಆರಿದರೆ ಒಣಗುತ್ತದೆ, ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಿ ಹೊಡೆದು, ಸ್ವಲ್ಪ ಕಾಯಿಸಿ, ಕಸ ಕಂಡಲ್ಲಿ ಉಜ್ಜಿ, ಮತ್ತೆ ಜೋರಾಗಿ ಕಾಯಿಸುತ್ತಿದ್ದರು. ಆಗ ಉಜ್ಜಿದ ಗೆರೆಗಳು ತಾವಾಗಿ ಕರಗಿ ಮುಚ್ಚಿಹೋಗುತ್ತಿದ್ದವು. ಆ ಮೇಲ್ಮೈಗೆ ಒಂದು ವಿಶೇಷ ನೋಟ ಇದೆ. ಹೊಳಪು ಇದೆ, ಆದರೆ ಗಾಜು ಹಾಸಿದಂತಲ್ಲ. ಹತ್ತಿರ ಹೋದರೆ ತೆಳ್ಳಗೆ ಕಿತ್ತಳೆ ಸಿಪ್ಪೆಯ ಛಾಯೆ.

ಮುಖ್ಯವಾದದ್ದು, ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇರಲಿಲ್ಲ. ಈಗಿನ ಬೇಸ್‌ಕೋಟ್, ಕ್ಲಿಯರ್‌ಕೋಟ್ ಪದ್ಧತಿಯಲ್ಲಿ ಹೊಡೆದ 69ರ ಕಾರನ್ನು ಹತ್ತು ಅಡಿ ದೂರದಿಂದಲೇ ಕಂಡುಹಿಡಿಯಬಹುದು, ಬಣ್ಣ ನೀರಿನ ಕೆಳಗೆ ಇದ್ದ ಹಾಗೆ ಕಾಣುತ್ತದೆ. ಝಡ್ 28 ಅನ್ನುವ ಕ್ಯಾಮರೊ ಮಾದರಿಯ ಬಾನೆಟ್ ಪಟ್ಟೆಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಕಾರ್ಖಾನೆಯಲ್ಲಿ ಮಾಸ್ಕ್ ಮಾಡಿ ಪಟ್ಟೆ ಹೊಡೆದು ಹಾಗೇ ಬಿಟ್ಟಿದ್ದರಿಂದ ಉಗುರು ಎಳೆದರೆ ಅಂಚು ತಾಗಬೇಕು. ಪಟ್ಟೆಯನ್ನು ಕ್ಲಿಯರ್ ಕೆಳಗೆ ಹೂತಿದ್ದರೆ ಎಷ್ಟೇ ಚೆನ್ನಾಗಿದ್ದರೂ ಕಾರ್ಖಾನೆಯದಲ್ಲ.

ಹಾಗಾದರೆ ಈಗ ಲ್ಯಾಕರ್ ಹೊಡೆಯಬೇಕಾ? ನಿಜವಾಗಿ ಹೇಳಬೇಕೆಂದರೆ ಎರಡು ದಾರಿ ಇದೆ. ಕಾರನ್ನು ಷೋಗೆ ಮಾತ್ರ ಒಯ್ಯುವುದಾದರೆ, ನಿಮ್ಮ ರಾಜ್ಯದ ನಿಯಮ ಬಿಟ್ಟರೆ (ಕ್ಯಾಲಿಫೋರ್ನಿಯಾದಂಥ ಕಡೆ ಬಣ್ಣದ ಆವಿಯ ಬಗ್ಗೆ ನಿಯಮ ಬಿಗಿ), ಲ್ಯಾಕರ್ ಹೊಡೆಯಿರಿ. ಅದರ ನೋಟಕ್ಕೆ ಅದೇ ಸಾಟಿ. ಓಡಿಸುವುದಾದರೆ ಸಿಂಗಲ್ ಸ್ಟೇಜ್ ಯುರಿಥೇನ್ ಒಳ್ಳೆಯದು. ಬಣ್ಣ ಮತ್ತು ಹೊಳಪು ಒಂದೇ ಪದರದಲ್ಲಿ ಇರುವುದರಿಂದ ನೋಟ ಹತ್ತಿರ ಬರುತ್ತದೆ, ಬಿರುಕು ಬಿಡುವುದಿಲ್ಲ. ಆದರೆ ಮೆಟಾಲಿಕ್ ಬಣ್ಣದ ಸಿಂಗಲ್ ಸ್ಟೇಜನ್ನು ಆಮೇಲೆ ಜಾಸ್ತಿ ಉಜ್ಜುವ ಹಾಗಿಲ್ಲ, ಪುಡಿ ಕಿತ್ತುಬಂದು ಮೋಡ ಕವಿದ ಹಾಗೆ ಆಗುತ್ತದೆ. ಲ್ಯಾಕರ್‌ಗೂ ಅದೇ ಎಚ್ಚರ, ಆದರೆ ಪದರ ಜಾಸ್ತಿ ಇರುವುದರಿಂದ ಸ್ವಲ್ಪ ಅವಕಾಶ ಇದೆ.

ಯುರಿಥೇನ್ ಅಂದ ಮೇಲೆ ಇದನ್ನು ಹೇಳಲೇಬೇಕು. ಅದರ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಾಟಕ್ಕೆ ಭಾರೀ ಕೆಟ್ಟದ್ದು, ಒಮ್ಮೆ ಅಲರ್ಜಿ ಹತ್ತಿದರೆ ಜೀವಮಾನ ಬಿಡುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಬೇಕು. ಅದಿಲ್ಲದಿದ್ದರೆ ಬೂತ್ ಇರುವವರ ಕೈಗೆ ಕೊಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಉಜ್ಜುವುದು ಬೇಡ, ನೀರು ಹಾಕಿ ಉಜ್ಜಿ. ಹಿಂದೆ ಬಳಸುತ್ತಿದ್ದ ಮೆಥಿಲೀನ್ ಕ್ಲೋರೈಡ್ ಇರುವ ಪೇಂಟ್ ರಿಮೂವರ್ 2019ರಿಂದ ಇಲ್ಲಿ ಸಾಮಾನ್ಯರಿಗೆ ಮಾರುವ ಹಾಗಿಲ್ಲ. ಈಗ ಸಿಗುವುದು ನಿಧಾನ. ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಕಾಫಿ ಕುಡಿದು ಬನ್ನಿ.

ಕೆಳಗಿನ ತಯಾರಿ, ಬೇಗ ಹೇಳುತ್ತೇನೆ

ಟಿಂಕರಿಂಗ್ ಕೆಲಸದ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ನಾನು ಎಳೆಯುವುದಿಲ್ಲ. ಮೇಲ್ಛಾವಣಿಯೂ ಹಿಂದಿನ ಕ್ವಾರ್ಟರ್ ಪ್ಯಾನೆಲ್ಲೂ ಸೇರುವ ಜಾಗದಲ್ಲಿ ಕಾರ್ಖಾನೆಯವರು ಸೀಸ ತುಂಬಿದ್ದರು. ಗಟ್ಟಿಯಾಗಿದ್ದರೆ ಮುಟ್ಟಬೇಡಿ. ಪುಟ್ಟಿ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಪ್ರೈಮರ್ ಹೊಡೆದ ಮೇಲೆ ಆತುರ ಬೇಡ. ಸರಿಯಾಗಿ ಒಣಗದ ಪ್ರೈಮರ್ ಮೇಲೆ ಲ್ಯಾಕರ್ ಹೊಡೆದರೆ ಎರಡು ತಿಂಗಳಲ್ಲಿ ಉಪ್ಪು ಕಾಗದದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ಕೊನೆಗೆ 600ರ ವಾಟರ್ ಪೇಪರ್ ಆಡಿಸಿ. ಬಾಗಿಲು, ಡಿಕ್ಕಿಯ ಸಂದುಗಳನ್ನು ಮಾತ್ರ ತೀರಾ ನೇರ ಮಾಡಲು ಹೋಗಬೇಡಿ. ಆ ಕಾಲದಲ್ಲಿ ಸಂದುಗಳು ಸ್ವಲ್ಪ ಅಲ್ಲಿ ಇಲ್ಲಿ ಇರುತ್ತಿದ್ದವು.

ಸೀಮ್ ಸೀಲರ್ ಈ ಹಂತದಲ್ಲೇ ಬರಬೇಕು. ಈಗಿನವರು ಬೆರಳಾಡಿಸಿ ನೀಟಾಗಿ ಗೆರೆ ಎಳೆಯುತ್ತಾರೆ, ಕೇಕ್ ಮೇಲಿನ ಕ್ರೀಮಿನ ಹಾಗೆ. ಕಾರ್ಖಾನೆಯಲ್ಲಿ ಅದನ್ನು ಬಳಿದಿದ್ದರು, ಅಷ್ಟೇ. ನಿಮ್ಮ ಫೋಟೊ ನೋಡಿಕೊಂಡು ಅದೇ ದಪ್ಪಕ್ಕೆ, ಅದೇ ಅಡ್ಡಾದಿಡ್ಡಿಗೆ ಬಳಿಯಿರಿ.

ಬಣ್ಣ ಹೊಡೆಯುವ ದಿನ

ಲ್ಯಾಕರ್ ಆದರೆ ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ಥಿನ್ನರ್. ನೀರುಮಜ್ಜಿಗೆಯಷ್ಟು ತೆಳ್ಳಗೆ ಇರುತ್ತದೆ, ಇದು ಸರಿಯಾ ಅಂತ ಅನುಮಾನ ಬರುತ್ತದೆ, ಸರಿ. ತೆಳ್ಳಗೆ ಆರೇಳು ಕೋಟ್, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಒಂದೇ ಸಲ ದಪ್ಪಗೆ ಹೊಡೆದು ಮುಗಿಸೋಣ ಅಂದುಕೊಂಡರೆ ಒಳಗೆ ಥಿನ್ನರ್ ಸಿಕ್ಕಿಕೊಂಡು ಮುಂದೆ ಬಿರುಕು ಬಿಡುತ್ತದೆ.

ಹವಾ ನೋಡಿ. ನಾವು ಡಿಕ್ಕಿ ಮುಚ್ಚಳಕ್ಕೆ ಹೊಡೆದದ್ದು ಜುಲೈನಲ್ಲಿ, ಹಿಂದಿನ ರಾತ್ರಿ ಮಳೆ ಬಂದಿತ್ತು, ಗಾಳಿಯಲ್ಲಿ ಮಂಗಳೂರಿನ ಸೆಕೆ. ಮೂರನೇ ಕೋಟ್ ಹೊಡೆದು ಗನ್ ಕೆಳಗಿಡುವುದರೊಳಗೆ ನೀಲಿ ಮುಚ್ಚಳ ನಮ್ಮ ಕಣ್ಣೆದುರಿಗೇ ಬೆಳ್ಳಗಾಯಿತು, ಕನ್ನಡಿಗೆ ಉಸಿರು ಬಿಟ್ಟ ಹಾಗೆ. ಥಿನ್ನರ್ ಬೇಗ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಬಣ್ಣದ ಮೇಲೆ ಕೂತುಬಿಡುತ್ತದೆ. ಇದಕ್ಕೆ ಬ್ಲಶ್ ಅನ್ನುತ್ತಾರೆ. ಗಾಬರಿ ಬೇಡ. ನಿಧಾನವಾಗಿ ಆರುವ ಥಿನ್ನರ್, ಅಂದರೆ ರಿಟಾರ್ಡರ್, ಬೆರೆಸಿ ಮೇಲೊಂದು ತೆಳು ಕೋಟ್ ಹೊಡೆದರೆ ಕೆಳಗಿನದು ಕರಗಿ ತೇವ ಹೊರಗೆ ಹೋಗುತ್ತದೆ. ನಮ್ಮದು ಹೋಯಿತು. ಆದರೂ ಅಂಥ ದಿನ ಹೊಡೆಯದಿರುವುದೇ ಜಾಣತನ.

ಹೊಡೆಯುವ ಕ್ರಮ: ಮೊದಲು ಬಾಗಿಲ ಚೌಕಟ್ಟು, ಡಿಕ್ಕಿಯ ಅಂಚು, ಆಮೇಲೆ ಹೊರಗಿನದು. ಚೌಕಟ್ಟುಗಳನ್ನು ಹೊಡೆದು ಹಾಗೇ ಬಿಡಿ. ಉಜ್ಜಬೇಡಿ, ಪಾಲಿಶ್ ಮಾಡಬೇಡಿ. ಕಾರ್ಖಾನೆಯಲ್ಲಿ ಅಲ್ಲಿ ಯಾರೂ ಉಜ್ಜುತ್ತಿರಲಿಲ್ಲ, ಅಲ್ಲಿ ಬಣ್ಣ ಒಣಒಣಗಿ, ಕೈಯಾಡಿಸಿದರೆ ಸ್ವಲ್ಪ ತರಿಯಾಗಿ ಇರುತ್ತದೆ. ನಾನು ಒಂದು ಬಾಗಿಲಿನ ಚೌಕಟ್ಟನ್ನು ಭಾನುವಾರ ಇಡೀ ಕೂತು ಫಳಫಳ ಮಾಡಿದ್ದೆ, ಆಮೇಲೆ ಅದನ್ನು ಮತ್ತೆ ಮಂಕು ಮಾಡಲಿಕ್ಕೆ ಇನ್ನೊಂದು ಭಾನುವಾರ ಹೋಯಿತು. ಹೊರಗೆ, ಬಾಗಿಲ ಕೆಳಗಿನ ರಾಕರ್ ಪ್ಯಾನೆಲಿಗೆ ಹೊಡೆಯುವಾಗ ಗನ್ನನ್ನು ನೆಟ್ಟಗೆ ಹಿಡಿದು ಹೊಡೆಯಿರಿ. ತುಂತುರು ತಾನಾಗಿ ಕಾರಿನ ಕೆಳಗೆ ಹಾರಿ, ಅಂಚಿನಿಂದ ಒಳಗೆ ಹೋದ ಹಾಗೆ ಕಮ್ಮಿಯಾಗುತ್ತ ಮಾಯವಾಗುತ್ತದೆ. ಕಾರ್ಖಾನೆಯಲ್ಲೂ ಹಾಗೇ ಆದದ್ದು. ಕೆಳಗೆಲ್ಲ ಬಾಡಿ ಬಣ್ಣ ಬಳಿದು ನೀಟು ಮಾಡಿದ ಕಾರು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಒಂದೆರಡು ವಾರ ಬಿಟ್ಟು ಬಾನೆಟ್, ಛಾವಣಿ, ಡಿಕ್ಕಿ ಮೇಲೆ 1500, ಆಮೇಲೆ 2000ದ ವಾಟರ್ ಪೇಪರ್ ಹಗುರವಾಗಿ ಆಡಿಸಿ ರಬ್ಬಿಂಗ್ ಮಾಡಿ. ಕಿತ್ತಳೆ ಸಿಪ್ಪೆಯ ಛಾಯೆ ಪೂರ್ತಿ ಹೋಗಬಾರದು. ಕೆಳಗೆ ಹೋದ ಹಾಗೆ ಕೈ ಕಮ್ಮಿ ಮಾಡುತ್ತ ಬನ್ನಿ. ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಅದನ್ನೂ ಹಿಡಿಯಿರಿ. ಮುಟ್ಟದ ಹಳೇ ಕಾರುಗಳಲ್ಲಿ ಪ್ರೈಮರ್ ಸೇರಿ 100ರಿಂದ 150 ಮೈಕ್ರಾನ್ ಆಸುಪಾಸು ಬರುತ್ತದೆ. ನಿಮ್ಮದು ಇದರ ಎರಡು ಪಟ್ಟು ದಾಟಿದರೆ ಅಂಚುಗಳೆಲ್ಲ ದಪ್ಪಗಾಗಿ, ಗೆರೆಗಳ ಚೂಪು ಹೋಗಿ, ಬೆಲ್ಲದ ಪಾಕ ಸುರಿದ ಹಾಗೆ ಕಾಣುತ್ತದೆ.

ಕಪ್ಪು ಒಂದೇ ಅಲ್ಲ

ನೀಲಿಯಲ್ಲಿ ಗೆದ್ದವರು ಕಪ್ಪಿನಲ್ಲಿ ಸೋಲುತ್ತಾರೆ. ಫೈರ್‌ವಾಲ್, ಒಳ ಮಡ್‌ಗಾರ್ಡ್, ರೇಡಿಯೇಟರ್ ಸಪೋರ್ಟ್, ಸಬ್‌ಫ್ರೇಮ್, ಪುಲ್ಲಿಗಳು, ಸ್ಟೀರಿಂಗ್ ಕಾಲಮ್. ಎಲ್ಲ ಕಪ್ಪೇ, ಆದರೆ ಹೊಳಪು ಬೇರೆಬೇರೆ. ಒಂದೇ ಡಬ್ಬ ತಂದು ಎಲ್ಲಕ್ಕೂ ಹೊಡೆದರೆ ಬೇಸ್ತು ಬೀಳುತ್ತೀರಿ. ಹೊಳಪು ಅಳೆಯುವ ಮೀಟರ್ ಈಗ ಅಗ್ಗಕ್ಕೆ ಸಿಗುತ್ತದೆ. ಹೀಟರ್ ಡಬ್ಬದ ಹಿಂದೆ ಅಡಗಿದ್ದ ಮೂಲ ಬಣ್ಣಕ್ಕೆ ಹಿಡಿದು ಅದು ತೋರಿಸುವ ಅಂಕಿ ಬರೆದುಕೊಳ್ಳಿ, ಆಮೇಲೆ ನಿಮ್ಮ ಕಾರ್ಡ್ ಹೊಂದಿಸಿ.

ಅರ್ಧ ಹೊಳಪಿನ ಬಣ್ಣದಲ್ಲಿ ಮಂಕು ಮಾಡುವ ಪುಡಿ ಡಬ್ಬದ ತಳಕ್ಕೆ ಇಳಿದಿರುತ್ತದೆ. ಸರಿಯಾಗಿ ಕಲಕದಿದ್ದರೆ ಮೊದಲ ಅರ್ಧ ಡಬ್ಬ ಹೊಳೆಯುತ್ತದೆ, ಕೊನೆಯ ಅರ್ಧ ಸುಣ್ಣದ ಹಾಗೆ ಮಂಕು. ತಳ ಕೆರೆದು ಐದು ನಿಮಿಷ ಕಲಕಿ. ಇನ್ನೊಂದು, ಹೊಡೆದ ದಿನದ ಹೊಳಪು ನಂಬಬೇಡಿ. ಪೂರ್ತಿ ಒಣಗಿದ ಮೇಲೆ ಇಳಿಯುತ್ತದೆ.

ಫೈರ್‌ವಾಲ್ ಕಪ್ಪು ಬಾಡಿ ಬಣ್ಣದ ಆಮೇಲೆ ಬಂದದ್ದು. ಹಾಗಾಗಿ ಅಂಚಿನಲ್ಲಿ ಟೇಪ್ ಹಚ್ಚಿ ಗೆರೆ ಕೊಯ್ದ ಹಾಗೆ ಮಾಡಬೇಡಿ. ನೀಲಿಯ ಮೇಲೆ ಕಪ್ಪು ತುಂತುರು ಮಸುಕಾಗಿ ಸೇರಬೇಕು. ಕೌಲ್ ಟ್ಯಾಗ್ ಮೇಲೂ ಕಪ್ಪು ಹೊಡೆದಿದ್ದರು, ರಿವೆಟ್ ಸಮೇತ. ಎಷ್ಟೋ ಜನ ಅದನ್ನು ತಿಕ್ಕಿ ಬೆಳ್ಳಿಯ ಹಾಗೆ ಮಾಡಿ ತೋರಿಸುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ತಗಡಿಗೆ ಯಾರೋ ಕೈ ಹಾಕಿದ್ದಾರೆ ಅಂತ.

ಸಬ್‌ಫ್ರೇಮ್ ಕಪ್ಪು ಹಚ್ಚಿದ್ದು ನಯವಾಗಿ ಅಲ್ಲ. ಬಣ್ಣ ಸೋರಿ, ಕೆಳಗೆ ಹನಿ ಗಟ್ಟಿಯಾಗಿ ಕೂತಿರುತ್ತದೆ. ಪೌಡರ್ ಕೋಟ್ ಮಾಡಿಸಿದರೆ ಪ್ಲಾಸ್ಟಿಕ್ ಆಟಿಕೆಯಂತಾಗುತ್ತದೆ. ಸಬ್‌ಫ್ರೇಮನ್ನು ಕಾರ್ಖಾನೆಯಲ್ಲಿ ಹೇಗೆ ನೇತುಹಾಕಿದ್ದರು ಅಂತ ನಿಮ್ಮ ಫೋಟೊದ ಸೋರಿಕೆ ಗೆರೆ ಹೇಳುತ್ತದೆ. ಅದೇ ಥರ ನೇತುಹಾಕಿ, ಕೊನೆಯ ಕೋಟ್ ಸ್ವಲ್ಪ ಜಾಸ್ತಿಯೇ ಹೊಡೆದು ಸೋರಲು ಬಿಡಿ. ಜೀವನದಲ್ಲಿ ಮೊದಲ ಸಲ ಪೇಂಟ್ ಸೋರಿದ್ದಕ್ಕೆ ಚಪ್ಪಾಳೆ ಹೊಡೆದುಕೊಂಡೆವು.

ಬಣ್ಣವೇ ಇಲ್ಲದ ಭಾಗಗಳು

ಇಲ್ಲಿ ಜಾಸ್ತಿ ಜನ ಎಡವುವುದು ಎಲ್ಲಕ್ಕೂ ಬಣ್ಣ ಬಳಿದು. ಬ್ರೇಕ್ ಮಾಸ್ಟರ್ ಸಿಲಿಂಡರ್, ಬ್ರೇಕ್ ಡ್ರಮ್, ಸ್ಪಿಂಡಲ್, ಟೈ ರಾಡ್ ಇವೆಲ್ಲ ಬರಿಯ ಲೋಹ. ಬಾನೆಟ್ ಹಿಂಜ್ ಮತ್ತು ಸ್ಪ್ರಿಂಗಿಗೆ ಬಣ್ಣ ಇಲ್ಲ, ಬೂದುಗಪ್ಪು ಫಾಸ್ಫೇಟ್. ಪವರ್ ಬ್ರೇಕ್ ಇದ್ದರೆ ಬೂಸ್ಟರ್ ಚಿನ್ನದ ಬಣ್ಣದ ಝಿಂಕ್ ಲೇಪ, ಬೆಳಕಿಗೆ ತಿರುಗಿಸಿದರೆ ಸೀಮೆಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಬಣ್ಣ. ಇವನ್ನು ಸ್ಪ್ರೇ ಡಬ್ಬದಲ್ಲಿ ನಕಲು ಮಾಡಲಾಗದು. ಪ್ಲೇಟಿಂಗ್ ಅಂಗಡಿಗೆ ಒಂದೇ ಸಲ ಚೀಲ ತುಂಬಿ ಕೊಡಿ, ಕೊಡುವ ಮೊದಲು ಪ್ರತಿ ಬೋಲ್ಟನ್ನೂ ಹಾಳೆ ಮೇಲೆ ಸಾಲಾಗಿಟ್ಟು ಫೋಟೊ ತೆಗೆಯಿರಿ. ನಮ್ಮ ಚೀಲ ವಾಪಸ್ ಬಂದಾಗ ಎರಡು ಹಿಂಜ್ ಬೋಲ್ಟ್ ಇರಲಿಲ್ಲ. ಫೋಟೊ ಇದ್ದಿದ್ದರಿಂದ ಜಗಳ ಚಿಕ್ಕದಾಯಿತು. ಬರಿಯ ಲೋಹಕ್ಕೆ ಮಂಕಾದ ಕ್ಲಿಯರ್ ತೆಳ್ಳಗೆ ಹೊಡೆಯಬಹುದು, ಇಲ್ಲವೇ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿರಿ. ನಾನು ಎಣ್ಣೆಯ ಪಕ್ಷ.

ಎಂಜಿನ್ ಷೆವ್ರೊಲೆ ಆರೆಂಜ್. ಸ್ಮಾಲ್ ಬ್ಲಾಕ್ (ಚಿಕ್ಕ ವಿ8 ಎಂಜಿನ್) ಹೆಚ್ಚಾಗಿ ಮಿಷಿಗನ್‌ನ ಫ್ಲಿಂಟ್‌ನಿಂದ, ಬಿಗ್ ಬ್ಲಾಕ್ (ದೊಡ್ಡ ವಿ8) ನ್ಯೂಯಾರ್ಕ್‌ನ ಟೊನವಾಂಡಾದಿಂದ ಬರುತ್ತಿತ್ತು. ಬಿಡಿಭಾಗ ಜೋಡಿಸಿದ ಮೇಲೇ ಒಟ್ಟಿಗೆ ಹೊಡೆಯುತ್ತಿದ್ದರು, ಹಾಗಾಗಿ ಬೋಲ್ಟುಗಳೂ ಆರೆಂಜ್, ಗ್ಯಾಸ್ಕೆಟ್ ಅಂಚೂ ಆರೆಂಜ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೂ ಬಣ್ಣ ಹಾರಿ, ಎಂಜಿನ್ ಕಾದ ಕೂಡಲೇ ಸುಟ್ಟು ಉದುರುತ್ತಿತ್ತು. ನೀವೂ ಜೋಡಿಸಿದ ಮೇಲೇ ಹೊಡೆಯಿರಿ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಗ್ಯಾರೇಜ್ ತುಂಬ ಹೊಗೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ಗೇರ್‌ಬಾಕ್ಸ್ ನಾಲ್ಕು ಗೇರಿನ ಮಂಸಿ ಆಗಿದ್ದರೆ ಅಲ್ಯೂಮಿನಿಯಂ, ಬಣ್ಣ ಬೇಡ.

ಜೋಡಣೆ ಮುಗಿದ ಮೇಲೆ ಬೋಲ್ಟಿನ ಬೊಟ್ಟು, ಗ್ರೀಸ್ ಪೆನ್ಸಿಲ್ ಗುರುತು ಇತ್ಯಾದಿ. ನಿಮ್ಮ ಫೋಟೊದಲ್ಲಿ ಇರುವಷ್ಟನ್ನು ಮಾತ್ರ ಹಾಕಿ. ಬೇರೆ ಕಾರಿನಲ್ಲಿ ಕಂಡದ್ದನ್ನೆಲ್ಲ ತಂದು ಅಲಂಕಾರ ಮಾಡಬೇಡಿ. ಅವಸರದಲ್ಲಿ ಬರೆದ ಹಾಗಿರಬೇಕು, ಕೈ ನಡುಗಿಸಿಕೊಂಡು ಬರೆದರೆ ಗೊತ್ತಾಗುತ್ತದೆ. ನಾನು ತೊಳೆದು ಹಾಕಿದ ಆ ಹಳದಿ ಬರಹದ ಜಾಗದಲ್ಲಿ ನಾವು ಏನೂ ಬರೆಯಲಿಲ್ಲ. ಉಳಿದಿದ್ದ ಬಾಲವನ್ನು ಮಾತ್ರ ಫೋಟೊ ನೋಡಿ ಎಳೆದೆವು.

ಕಾರು ಹೊರಗೆ ಬಂದ ಮೇಲೆ ಲ್ಯಾಕರ್‌ಗೆ ಎರಡು ಮೂರು ತಿಂಗಳು ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಹೊರಗೆ ಹೋಗಲಿ. ಪ್ಲಾಸ್ಟಿಕ್ ಕವರ್ ಅಂತೂ ಹಾಕಲೇಬೇಡಿ. ಹಳೇ ಹತ್ತಿ ಬೆಡ್‌ಶೀಟ್ ಸಾಕು, ಚಳಿಗಾಲದಲ್ಲಿ ಗ್ಯಾರೇಜ್ ತೀರಾ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳಿ. ಚಳಿಯಿಂದ ಒಮ್ಮೆಲೇ ಬಿಸಿಗೆ ತಂದರೆ ಲ್ಯಾಕರ್ ಬಿರುಕು ಬಿಡುವುದು ಆಗಲೇ.